ಇಲಿಯ ಕಾರ್ಟೆಕ್ಸ್‌ಗೆ (ಮಿದುಳಿನ ಹೊರಪದರಕ್ಕೆ) 2 ಮಿಲಿಆಂಪಿಯರ್ ಕೊಟ್ಟರೂ ಅಲೆ ಕಾಣುತ್ತಿಲ್ಲ, ಫಿಲ್ಟರಿನ ಲೋ-ಕಟ್ 10 ಹರ್ಟ್ಜ್‌ಗೆ ಇಟ್ಟಿದ್ದೇನೆ; ಕರೆಂಟನ್ನು 5ಕ್ಕೆ ಏರಿಸಲೇ?

ಏರಿಸಬೇಡಿ. ಕರೆಂಟು ಸಾಲುತ್ತಿಲ್ಲ ಅಂತ ನೀವೇ ತೀರ್ಮಾನಿಸಿಬಿಟ್ಟಿದ್ದೀರಿ, ನಾನು ಅದನ್ನು ಒಪ್ಪುವುದಿಲ್ಲ. ಅಲೆ ಬರುತ್ತಿರಬಹುದು, ಸ್ಟಿಮ್ಯುಲಸ್ ಆರ್ಟಿಫ್ಯಾಕ್ಟ್ (ನೀವು ಕೊಟ್ಟ ಪಲ್ಸೇ ರೆಕಾರ್ಡಿನಲ್ಲಿ ಮೂಡಿಸುವ ಹುಸಿ ಗುರುತು) ಅದನ್ನು ನುಂಗುತ್ತಿದೆ.

ನೀವು ಹುಡುಕುತ್ತಿರುವುದು 1936ರಲ್ಲಿ ಶರೀರಕ್ರಿಯಾ ವಿಜ್ಞಾನಿ ಏಡ್ರಿಯನ್ ವಿವರಿಸಿದ ಮೇಲ್ಪದರದ ಪ್ರತಿಕ್ರಿಯೆ. ಮೊದಲ ಪದರದ ನಾರುಗಳು ಚುರುಕಾಗಿ, ಪಿರಮಿಡ್ ಕೋಶಗಳ ಸಂಕೇತ ಪಡೆಯುವ ತುದಿ ಕವಲುಗಳಾದ ಡೆಂಡ್ರೈಟ್‌ಗಳು ಡಿಪೋಲರೈಸ್ ಆಗುತ್ತವೆ, ಅಂದರೆ ಧನ ಅಯಾನುಗಳು ಅವುಗಳೊಳಗೆ ನುಗ್ಗುತ್ತವೆ; ಹಾಗಾಗಿ ಮೇಲ್ಮೈ ಋಣವಾಗುತ್ತದೆ. ಶುರುವಾಗಿ 10–20 ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ, ಕೆಲವು ಮಿಲಿಮೀಟರ್ ದೂರದಲ್ಲೇ ಕರಗುತ್ತದೆ. ಹಳೆಯ ಪ್ರಬಂಧಗಳಲ್ಲಿ ಋಣವನ್ನು ಮೇಲ್ಮುಖವಾಗಿ ಬರೆಯುತ್ತಿದ್ದರು, ಹೋಲಿಸುವಾಗ ನೆನಪಿರಲಿ.

ಈಗ ನಿಮ್ಮ ಫಿಲ್ಟರ್ ನೋಡಿ. ಲೋ-ಕಟ್ 10 ಹರ್ಟ್ಜ್‌ಗೆ ಇಟ್ಟಿದ್ದೇನೆ ಎಂದು ಬರೆದಿದ್ದೀರಿ. ಎಲ್ಲ ಕೆಡುವುದು ಅಲ್ಲೇ. 10 ಹರ್ಟ್ಜ್ ಅಂದರೆ ಸುಮಾರು 16 ಮಿಲಿಸೆಕೆಂಡಿನ ಟೈಮ್ ಕಾನ್ಸ್ಟಂಟ್ (ಫಿಲ್ಟರ್ ಸುಧಾರಿಸಿಕೊಳ್ಳುವ ಹೊತ್ತಿನ ಅಳತೆ). ದೊಡ್ಡ ಪಲ್ಸ್ ಬಂದು ಆಂಪ್ಲಿಫೈಯರ್ ಸ್ಯಾಚುರೇಟ್ ಆದರೆ (ತನ್ನ ಮಿತಿ ಮುಟ್ಟಿ ಅಲ್ಲೇ ಸಿಕ್ಕಿಕೊಂಡರೆ), ಅದು ಸುಧಾರಿಸಿಕೊಳ್ಳುವಾಗ ವಿರುದ್ಧ ದಿಕ್ಕಿನ ಬಾಲ ಎಳೆಯುತ್ತದೆ. ಆ ಬಾಲ ಇಳಿಯುವ ಹೊತ್ತೂ ನಿಮ್ಮ ಅಲೆ ಬಾಳುವ ಹೊತ್ತೂ ಒಂದೇ! ಬಾಲವನ್ನೇ ಧನ ಅಲೆ ಎಂದು ಓದಿಬಿಡುತ್ತೀರಿ, ಇಲ್ಲವೇ ನಿಜವಾದ ಋಣ ಅಲೆ ಅದರಲ್ಲಿ ಅಳಿಸಿಹೋಗುತ್ತದೆ. ಕರೆಂಟು ಏರಿಸಿದಷ್ಟೂ ಬಾಲ ಉದ್ದ. ಆವರೇಜಿಂಗ್ ಮಾಡಿದರೂ ಹೋಗದು, ಪ್ರತಿಸಲವೂ ಅದೇ ಜಾಗಕ್ಕೆ ಬರುತ್ತದಲ್ಲ.

ನಾನು ಲೋ-ಕಟ್ 1 ಹರ್ಟ್ಜ್‌ಗೋ ಅದಕ್ಕಿಂತ ಕೆಳಗೋ ಇಟ್ಟು, ಗೇನ್ ತಗ್ಗಿಸುತ್ತೇನೆ. ಪಲ್ಸ್ 0.1 ಮಿಲಿಸೆಕೆಂಡ್, ಐಸೊಲೇಟರ್ (ಪಲ್ಸ್ ಕೊಡುವ ಸರ್ಕ್ಯೂಟನ್ನು ಭೂಮಿಯಿಂದ ಬೇರ್ಪಡಿಸುವ ಸಾಧನ) ಮೂಲಕ, 3–5 ಸೆಕೆಂಡಿಗೆ ಒಂದು. ಕರೆಂಟು ಕೊಡುವ ಬೈಪೋಲಾರ್ ಎಲೆಕ್ಟ್ರೋಡ್ ಜೋಡಿಯ ನಡುವೆ 1 ಮಿಲಿಮೀಟರ್ ಅಂತರ. ಜೋಡಿಯ ಎರಡೂ ತುದಿಗಳಿಗೆ ಸಮದೂರದಲ್ಲಿ, 2 ಮಿಲಿಮೀಟರ್ ಆಚೆ, ರೆಕಾರ್ಡ್ ಮಾಡುವ, ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ ಗುಂಡು. ಆ ಮಧ್ಯರೇಖೆಯ ಮೇಲೆ ಆರ್ಟಿಫ್ಯಾಕ್ಟ್ ಬಹುಪಾಲು ತಾನೇ ರದ್ದಾಗುತ್ತದೆ. ಮೇಲೆ ನಿಂತ ಸೆರೆಬ್ರೊಸ್ಪೈನಲ್ ದ್ರವವನ್ನು ಫಿಲ್ಟರ್ ಪೇಪರಿನ ಅಂಚಿನಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಕರೆಂಟು ಅಂಗಾಂಶಕ್ಕಿಳಿಯದೆ ಅದರೊಳಗೇ ಹರಿದುಹೋಗುತ್ತದೆ. ಕೂಡಲೇ 37 ಡಿಗ್ರಿಯ ಪ್ಯಾರಾಫಿನ್ ಎಣ್ಣೆ ಹಾಕಿ. ಒಣಗಿದ ಕಾರ್ಟೆಕ್ಸ್ ಏನೂ ಹೇಳುವುದಿಲ್ಲ. 0.1 ಮಿಲಿಆಂಪಿಯರಿನಿಂದ ಶುರುಮಾಡಿ ಮೆಲ್ಲಗೆ ಏರಿಸಿ.

ಆಮೇಲೆ ಪೋಲಾರಿಟಿ ತಿರುಗಿಸಿ. ತಲೆಕೆಳಗಾದದ್ದು ಆರ್ಟಿಫ್ಯಾಕ್ಟ್, ಋಣವಾಗಿಯೇ ಉಳಿದದ್ದು ಪ್ರತಿಕ್ರಿಯೆ. (ಕ್ಯಾಥೋಡ್ ಜಾಗ ಬದಲಾಗುವುದರಿಂದ ಅಲೆ ಕೊಂಚ ಹಿಂದೆಮುಂದೆ ಆಗಬಹುದು.) ಎರಡೂ ಪೋಲಾರಿಟಿಗಳ ಮೊತ್ತ ತೆಗೆದರೆ ಆರ್ಟಿಫ್ಯಾಕ್ಟ್ ಕಳೆಯುತ್ತದೆ, ಆದರೆ ಆಂಪ್ಲಿಫೈಯರ್ ಸ್ಯಾಚುರೇಟ್ ಆಗಿರಬಾರದು.

5 ಮಿಲಿಆಂಪಿಯರಿಗೆ ಇನ್ನೂ ಒಂದು ಅಪಾಯವಿದೆ. ಬಲವಾದ ಪ್ರಚೋದನೆಯಿಂದ 1944ರಲ್ಲಿ ಸಂಶೋಧಕ ಲೆಯಾಂವ್ ಮೊಲದಲ್ಲಿ ಕಂಡ ಸ್ಪ್ರೆಡಿಂಗ್ ಡಿಪ್ರೆಶನ್ (ಹರಡುತ್ತಾ ಹೋಗುವ ಚಟುವಟಿಕೆಯ ಕುಸಿತ) ಹುಟ್ಟಬಹುದು. ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಹರಡಿ ಕಾರ್ಟೆಕ್ಸನ್ನೇ ಕೆಲಹೊತ್ತು ಮೌನವಾಗಿಸುತ್ತದೆ. ಆಗ ಅಲೆ ನಿಜಕ್ಕೂ ಇರುವುದಿಲ್ಲ, ನೀವು ಮತ್ತೆ ಕರೆಂಟು ಏರಿಸುತ್ತೀರಿ. ಹಿನ್ನೆಲೆಯ ಇಸಿಒಜಿ (ಕಾರ್ಟೆಕ್ಸ್ ಮೇಲ್ಮೈಯ ವಿದ್ಯುತ್ ರೆಕಾರ್ಡು) ಚಪ್ಪಟೆಯಾಗಿದ್ದರೆ ಕೈಬಿಟ್ಟು ಕಾಯಿರಿ.

ನೈತಿಕ ಸಮಿತಿ ಒಪ್ಪಿದ ಕ್ರಮದಲ್ಲೇ, ಅರಿವಳಿಕೆಯಲ್ಲೇ ಪ್ರಯೋಗ ಮುಗಿಸಿ ಪ್ರಾಣಿಗೆ ದಯಾಮರಣ ಕೊಟ್ಟ ಮೇಲೆ, ಎಲೆಕ್ಟ್ರೋಡ್ ಅಲುಗಿಸದೆ ಸ್ವಲ್ಪ ಹೊತ್ತು ಬಿಟ್ಟು ಅದೇ ಪಲ್ಸ್ ಮತ್ತೆ ಕೊಟ್ಟು ರೆಕಾರ್ಡ್ ಮಾಡಿ. ಆಗಲೂ ಕಾಣುವುದೆಲ್ಲ ಆರ್ಟಿಫ್ಯಾಕ್ಟ್. ಮೊದಲಿನ ರೆಕಾರ್ಡಿನಿಂದ ಅದನ್ನು ಕಳೆದು ನೋಡಿ.