ಬೇಲೀಫ್ ಮನೆಯ ನಡುಭಾಗ ಹಿಂದೆ ಸರಿದಿರುವುದು ಯಾಕೆ?

ಇಂಗ್ಲೆಂಡಿನ ಬೇಲೀಫ್ ಎಂಬ ಹಳೆಯ ತೋಟದ ಮನೆಯ ಫೋಟೋದಲ್ಲಿ ಎರಡೂ ತುದಿಯ ಮಹಡಿ ಮುಂದೆ ಚಾಚಿದೆ, ನಡುಭಾಗ ಮಾತ್ರ ಹಿಂದಿದೆ, ಆಮೇಲೆ ಬದಲಾಯಿಸಿದ್ದಾ ಅಂತ ಕೇಳಿದ್ದೀರಿ. ಇಲ್ಲ, ನಡುಭಾಗ ಮೊದಲಿನಿಂದಲೂ ಹಾಗೇ ಇದೆ. ಆಗ್ನೇಯ ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಕಡೆ ‘ವೀಲ್ಡನ್’ ಅನ್ನುವ ಮರದ ಚೌಕಟ್ಟಿನ ಹಳೆ ಮನೆಗಳ ಗುರುತೇ ಅದು.

ತುದಿಗಳಲ್ಲಿ ಮಹಡಿಯ ತೊಲೆಗಳನ್ನು ಕೆಳಗಿನ ಗೋಡೆಗಿಂತ ಮುಂದೆ ಚಾಚಿ, ಅವುಗಳ ಮೇಲೆ ಮೇಲಿನ ಗೋಡೆ ನಿಲ್ಲಿಸಿದ್ದಾರೆ. ನಡುವಿನ ಹಜಾರಕ್ಕೆ ಮಹಡಿಯೇ ಇಲ್ಲ, ಹಾಗಾಗಿ ಚಾಚಲು ತೊಲೆಯೂ ಇಲ್ಲ. ಆದರೆ ಚಾವಣಿ ಇಡೀ ಮನೆಗೆ ಒಂದೇ. ಅದರ ಅಂಚು ನೇರವಾಗಿ ಹೋಗುತ್ತದೆ. ನಡುವೆ ಅದನ್ನು ಹೊತ್ತ ಬಾಗಿದ ಮರಗಳನ್ನು ನೋಡಿ, ಎಷ್ಟು ಚೆಂದ ಅಲ್ವಾ!

ಹಜಾರವನ್ನು ಹೀಗೆ ಸೂರಿನವರೆಗೂ ತೆರೆದು ಬಿಟ್ಟದ್ದು ಹೊಗೆಗಾಗಿ. ಬೆಂಕಿ ಉರಿಯುತ್ತಿದ್ದದ್ದು ನೆಲದ ಮೇಲೇ, ಚಿಮಣಿ ಇರಲಿಲ್ಲ. ಇಂಥ ಬೇರೆ ಹಳೆ ಮನೆಗಳ ಹಜಾರದಲ್ಲಿ ಈಗ ಮಹಡಿ, ಚಿಮಣಿ ಎಲ್ಲ ಇದ್ದರೂ ಸೂರಿನ ಮರಕ್ಕೆ ಹಿಡಿದ ಮಸಿ ಹಳೆಯ ಕಥೆ ಹೇಳಿಬಿಡುತ್ತದೆ.

ಬೇಲೀಫ್‌ನ ಹಜಾರ 15ನೇ ಶತಮಾನದ ಶುರುವಿನದು. ಈ ಮನೆ ಮೊದಲು ಕೆಂಟ್‌ನಲ್ಲಿತ್ತು, ಆ ಜಾಗಕ್ಕೆ ಜಲಾಶಯ ಬಂತು. ಓಕ್ ಮರದ ಕೀಲುಗಳಿಗೆ ಮರದ ಗೂಟವನ್ನೇ ಹೊಡೆದಿದ್ದರಿಂದ, ಚೌಕಟ್ಟನ್ನು ಬಿಚ್ಚಿ ಸಸೆಕ್ಸ್‌ನ ಸಿಂಗಲ್ಟನ್ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಲು ಆಯಿತು.