ಕ್ರೈಸ್ತರಲ್ಲದವರು ಕ್ರೈಸ್ತ ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡಬಹುದಾ?

ಬಡವರ ಬಡಾವಣೆಯಲ್ಲಿ ಕೆಲಸ ಮಾಡುವ ಒಂದು ಕ್ರೈಸ್ತ ಸಂಸ್ಥೆಗೆ ವಾಲಂಟಿಯರ್ ಆಗಿ ಹೋಗಬೇಕು ಅಂತಿದ್ದೀರಿ. ನೀವು ಕ್ರೈಸ್ತರಲ್ಲ. ಸೇರಿಸಿಕೊಳ್ಳುತ್ತಾರಾ, ಊಟ ಕೊಟ್ಟು ಮತಕ್ಕೆ ಎಳೆಯುವ ಕೆಲಸಕ್ಕೆ ನಾನೂ ಕೈಜೋಡಿಸಿದ ಹಾಗಾಗುತ್ತಾ ಅಂತ ಕೇಳಿದ್ದೀರಿ. ನಾನು ಚರ್ಚಿಗೆ ಹೋಗುವವಳು, ಇಂಥದ್ದೇ ಒಂದು ಗುಂಪಿನಲ್ಲಿರುವವಳು. ಅದನ್ನು ತಿಳಿದುಕೊಂಡೇ ಮುಂದೆ ಓದಿ.

ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಬೇರೆ ಧರ್ಮದವರೂ ಇದ್ದಾರೆ, ದೇವರನ್ನೇ ನಂಬದವರೂ ಇದ್ದಾರೆ. ಸಭೆ ಶುರುವಾಗುವಾಗ ಒಂದು ಸಣ್ಣ ಪ್ರಾರ್ಥನೆ ಇರುತ್ತದೆ. ಬೇಡದವರು ಸುಮ್ನೆ ಕೂತಿರುತ್ತಾರೆ, ಅಷ್ಟೇ.

ಎರಡನೆಯ ಪ್ರಶ್ನೆ ಕೇಳಬೇಕಾದದ್ದೇ. ರೆಡ್‌ಕ್ರಾಸ್ ಮತ್ತು ಕೆಲವು ದೊಡ್ಡ ಸೇವಾ ಸಂಸ್ಥೆಗಳು ಸೇರಿ 1994ರಲ್ಲಿ ಒಂದು ನೀತಿಸಂಹಿತೆ ಮಾಡಿಕೊಂಡವು. ಕ್ಯಾಥೊಲಿಕರ ಕಾರಿತಾಸ್, ಪ್ರೊಟೆಸ್ಟಂಟರ ಲುಥೆರನ್ ವರ್ಲ್ಡ್ ಫೆಡರೇಷನ್ ಕೂಡ ಅದರಲ್ಲಿದ್ದವು. ಅಗತ್ಯ ನೋಡಿ ನೆರವು ಕೊಡಬೇಕು, ಧರ್ಮ ಅಥವಾ ರಾಜಕೀಯದ ಪ್ರಚಾರಕ್ಕೆ ಅದನ್ನು ಬಳಸಬಾರದು ಅಂತ ಅದರಲ್ಲಿದೆ. ಅದು ಪ್ರವಾಹ, ಭೂಕಂಪದಂಥ ಹೊತ್ತಿಗೆ ಮಾಡಿದ್ದು, ಆದರೆ ಮಾಮೂಲಿ ದಿನಗಳಿಗೂ ಸರಿಯಾದ ಅಳತೆಯೇ. ಕಾಗದದಲ್ಲಿ ಏನು ಬೇಕಾದರೂ ಬರೆಯಬಹುದು, ಅಲ್ವಾ? ನೀವು ಹೋಗಿ ನೋಡಿ. ಪ್ರಾರ್ಥನೆಗೆ ಕೂತವರಿಗೆ ಮಾತ್ರ ಊಟದ ಚೀಟಿ ಸಿಗುತ್ತಿದ್ದರೆ ವಾಪಸ್ ಬನ್ನಿ. ಕೈಯೊಡ್ಡಿದವರ ಫೋಟೊ ತೆಗೆಯುವ ಜಾಗವೂ ನನಗೆ ಸರಿ ಕಾಣುವುದಿಲ್ಲ.

ಇನ್ನು ಕೆಲಸ. ಊಟ ಹಂಚುವುದು ಅದರಲ್ಲಿ ಸುಲಭದ ಭಾಗ. ಜಾಸ್ತಿ ಹೊತ್ತು ಹೋಗುವುದು ಮನೆಭೇಟಿಗೆ. ಇದು ಹಳೆಯ ಪದ್ಧತಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಒಝಾನಾಂ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಎಂಬ ಬಡವರ ಸೇವೆಯ ಗುಂಪು ಶುರು ಮಾಡಿದ. ಬಡವರ ಮನೆಗೆ ಹೇಗೆ ಹೋಗಬೇಕು ಅಂತ ಆ ಹುಡುಗರಿಗೆ ಕಲಿಸಿದ್ದು ರೋಸಲಿ ರೆಂಡು ಎಂಬ ಸಿಸ್ಟರ್. ನಾವೂ ಇಬ್ಬಿಬ್ಬರಾಗಿಯೇ ಹೋಗುತ್ತೇವೆ. ಮೊದಲ ಸಲ ಯಾರೂ ನಿಜ ಹೇಳುವುದಿಲ್ಲ, ಹೇಳಲಿ ಅಂತ ಕಾಯಲೂಬಾರದು. ಮತ್ತೆ ಮತ್ತೆ ಹೋದ ಮೇಲೆ ಒಂದೊಂದೇ ಹೊರಗೆ ಬರುತ್ತದೆ. ಅಜ್ಜಿಗೆ ಡಾಕ್ಟರ ಚೀಟಿ ಓದಲು ಬರುವುದಿಲ್ಲ, ಹಾಗಾಗಿ ಮಾತ್ರೆಗಳು ಹಾಗೇ ಉಳಿದಿವೆ. ಗಂಡನ ಸಾಲ ಈಗ ಹೆಂಡತಿಯ ತಲೆಯ ಮೇಲೆ. ದೊಡ್ಡ ಮಗಳು ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟಿದ್ದಾಳೆ. ಇದಕ್ಕೆಲ್ಲ ಊಟದ ಪೊಟ್ಟಣ ಉತ್ತರವಲ್ಲ. ಅರ್ಜಿ ತುಂಬಬೇಕು, ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ಕೂರಬೇಕು, ಕಚೇರಿಗೆ ಅಲೆಯಬೇಕು. ಬೇಜಾರಿನ ಕೆಲಸ, ನಿಜ.

ಕಷ್ಟದ ಮೂಲಕ್ಕೇ ಕೈ ಹಾಕಿದವರೂ ಇದ್ದಾರೆ. ಲಂಡನ್ನಿನ ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದಿಂದ (ಫಾಸ್ಫರಸ್) ಕೆಲಸಗಾರರ ದವಡೆಯ ಮೂಳೆ ಕೊಳೆಯುತ್ತಿತ್ತು. ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ 1891ರಲ್ಲಿ ತಾನೇ ಕಾರ್ಖಾನೆ ತೆರೆದು, ಅಷ್ಟು ಅಪಾಯವಿಲ್ಲದ ಕೆಂಪು ರಂಜಕ ಬಳಸಿ, ಕೂಲಿಯನ್ನೂ ಹೆಚ್ಚು ಕೊಟ್ಟಿತು. ಕಡ್ಡಿಪೆಟ್ಟಿಗೆಯ ಬೆಲೆ ಜಾಸ್ತಿಯಾಗಿ ಆ ಕಾರ್ಖಾನೆ ಬಹಳ ವರ್ಷ ನಡೆಯಲಿಲ್ಲ. ಆದರೂ 1908ರ ಕಾನೂನು ಬಿಳಿ ರಂಜಕದ ಕಡ್ಡಿಗಳನ್ನು ಬ್ರಿಟನ್ನಿನಲ್ಲಿ ನಿಷೇಧಿಸಿತು. ನೀವು ಸೇರುವ ಸಂಸ್ಥೆ ಊಟದಾಚೆ ಏನು ಮಾಡುತ್ತಿದೆ ಅಂತ ಅದಕ್ಕೇ ವಿಚಾರಿಸಿ ಅನ್ನುವುದು.

ಮಕ್ಕಳ ಜೊತೆ ಕೆಲಸವಿದ್ದರೆ ಇನ್ನೊಂದು. ಅವರು ನಿಮ್ಮ ಹಿನ್ನೆಲೆ ವಿಚಾರಿಸಬೇಕು, ಮಗುವಿನ ಜೊತೆ ಒಬ್ಬರೇ ಇರಬಾರದು ಎಂಬ ನಿಯಮ ಹೇಳಬೇಕು. ಏನೂ ಕೇಳದೆ ಮೊದಲ ದಿನವೇ ಮಕ್ಕಳನ್ನು ಒಪ್ಪಿಸುವ ಕಡೆ ಸೇರಬೇಡಿ.