ಖಾಲಿಯಾದ ಜೇನು ಪೆಟ್ಟಿಗೆ ಮತ್ತು ಮತ್ತೆ ಸೋಲುವ ಭಯ: ಹಿರಿಯಡ್ಕದ ಸದಸ್ಯರಿಗೆ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಳೆದ ನವೆಂಬರಿನಲ್ಲಿ ನಾಲ್ಕು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬಗಳನ್ನು ತಂದು ತೋಟದಲ್ಲಿ ಇಟ್ಟಿರಿ, ಏಪ್ರಿಲಿನಲ್ಲಿ ಒಂದಿಷ್ಟು ಜೇನೂ ಸಿಕ್ಕಿತು, ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕೂ ಪೆಟ್ಟಿಗೆಗಳು ಖಾಲಿಯಾಗಿದ್ದವು ಎಂದು ಬರೆದಿದ್ದೀರಿ. ಈಗ ಪುನಃ ಕುಟುಂಬ ತರುವ ಕಾಲ ಬಂದರೂ ಕೈ ಮುಂದೆ ಹೋಗುತ್ತಿಲ್ಲ, ಇನ್ನೊಮ್ಮೆ ಸೋತರೆ ಮನೆಯವರಿಗೆ ಮುಖ ತೋರಿಸುವುದು ಹೇಗೆ ಎಂಬ ಭಯ ಕಾಡುತ್ತಿದೆ, ಇದನ್ನು ಮೀರುವ ದಾರಿ ಯಾವುದು ಎಂದು ಕೇಳಿದ್ದೀರಿ.

ಮೇಲೆ ಉತ್ತರಿಸಿದವರಲ್ಲಿ ಹೆಚ್ಚಿನವರು ಧೈರ್ಯ ಮಾಡಿ ಎಂದಿದ್ದಾರೆ. ಅವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಧೈರ್ಯವೆಂಬುದು ಕೇಳಿದ ಕೂಡಲೇ ಅಂಗಡಿಯವರು ಕಟ್ಟಿ ಕೊಡುವ ಸಾಮಾನಲ್ಲ. ಮಂಗಳೂರಿನಿಂದ ಈಚೆ, ಎಡಪದವಿನ ಬಳಿ, ನಾನು ಹನ್ನೆರಡು ವರ್ಷಗಳಿಂದ ಜೇನು ಸಾಕುತ್ತಿದ್ದೇನೆ. ಜುಲೈ–ಆಗಸ್ಟ್‌ನ ಆಟಿ ತಿಂಗಳಲ್ಲಿ ಪೆಟ್ಟಿಗೆಯ ಮುಚ್ಚಳ ಎತ್ತುವಾಗ ಇಂದಿಗೂ ಎದೆ ಢವಢವ ಎನ್ನುತ್ತದೆ. ಭಯ ಹೋಗಲಿ, ಆಮೇಲೆ ಕೆಲಸ ಆರಂಭಿಸೋಣ ಎಂದು ಕಾದು ಕುಳಿತಿದ್ದರೆ ನಾನು ಇನ್ನೂ ಕಾಯುತ್ತಲೇ ಇರುತ್ತಿದ್ದೆ. ಆದರೆ ಆ ಭಯವು ನಮ್ಮ ಕೈಯಿಂದ ಮಾಡಿಸುವ ಒಂದು ದೊಡ್ಡ ತಪ್ಪನ್ನು ತಪ್ಪಿಸಿಕೊಳ್ಳಬಹುದು. ಅದನ್ನು ನಾನು ಕಲಿತದ್ದು ಮೂರು ಕುಟುಂಬಗಳನ್ನು ಕಳೆದುಕೊಂಡು.

ನಾನು ಆರಂಭಿಸಿದ್ದು ಐದು ಪೆಟ್ಟಿಗೆಗಳಿಂದ. ನಮ್ಮ ತೋಟಕ್ಕೆ ತಾಗಿ ರಬ್ಬರ್ ಇರುವುದರಿಂದ ಮೊದಲ ವರ್ಷವೇ ಒಳ್ಳೆಯ ಜೇನು ಬಂತು, ನಾನು ಊರಿಡೀ ಬಾಟಲಿ ಹಂಚಿ ಬಂದೆ. ಜುಲೈ ಕೊನೆಯಲ್ಲಿ ಒಂದು ದಿನ ಮಳೆ ಬಿಟ್ಟ ಹೊತ್ತಿನಲ್ಲಿ ಹಲಸಿನ ಮರದ ಬುಡದ ಪೆಟ್ಟಿಗೆಯನ್ನು ತೆರೆದೆ. ಮುಚ್ಚಳ ಸುಲಭವಾಗಿ ಏಳಲಿಲ್ಲ, ಏಕೆಂದರೆ ಒಳಗಿನಿಂದ ಬಿಳಿಯ ಬಲೆ ಅದಕ್ಕೆ ಅಂಟಿಕೊಂಡಿತ್ತು. ಎರಿಗಳು, ಅಂದರೆ ಮೇಣದ ಗೂಡಿನ ಹಾಳೆಗಳು, ಕಪ್ಪಾಗಿ ಒಂದಕ್ಕೊಂದು ಕಟ್ಟಿ ಹಾಕಿದಂತೆ ನಿಂತಿದ್ದವು, ತಳದ ಹಲಗೆಯ ಮೇಲೆ ಸಾಸಿವೆಯಂಥ ಹಿಕ್ಕೆ ರಾಶಿ ಬಿದ್ದಿತ್ತು, ಬೂದು ಬಣ್ಣದ ಹುಳುಗಳು ಬೆಳಕಿಗೆ ಹೆದರಿ ಮೂಲೆಗೆ ಹರಿದವು. ಒಂದೇ ಒಂದು ಜೇನ್ನೊಣ ಇರಲಿಲ್ಲ. ನಾನು ಮಾಡಿದ್ದೇನು ಗೊತ್ತೇ? ಮುಚ್ಚಳವನ್ನು ಮೊದಲಿನಂತೆಯೇ ಇಟ್ಟು, ಅದರ ಮೇಲೆ ಕಲ್ಲು ಹೇರಿ, ಮನೆಗೆ ಬಂದು ಚಹಾ ಕುಡಿದೆ. ಯಾರಿಗೂ ಹೇಳಲಿಲ್ಲ. ಉಳಿದ ನಾಲ್ಕು ಪೆಟ್ಟಿಗೆಗಳನ್ನು ಅಂದು ತೆರೆಯಲಿಲ್ಲ, ಮರುದಿನವೂ ತೆರೆಯಲಿಲ್ಲ. ಮಳೆಯಲ್ಲಿ ತೆರೆಯಬಾರದು, ನೊಣಕ್ಕೆ ಚಳಿಯಾಗುತ್ತದೆ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಪ್ರತಿದಿನ ಬೆಳಿಗ್ಗೆ ತೋಟಕ್ಕೆ ಹೋಗಿ, ದೂರದಲ್ಲಿ ನಿಂತು, ಎಲ್ಲ ನೋಡಿಕೊಂಡವನಂತೆ ಹಿಂದೆ ಬರುತ್ತಿದ್ದೆ. ಚೌತಿ ಕಳೆದ ಮೇಲೆ ತೆರೆದಾಗ ಇನ್ನೂ ಮೂರು ಹೋಗಿದ್ದವು.

ಮೊದಲನೆಯದು ಹೋದದ್ದು ಅಜ್ಞಾನದಿಂದ. ಉಳಿದ ಮೂರು ಹೋದದ್ದು ಭಯದಿಂದ. ಆ ದಿನವೇ ತೆರೆದು ನೋಡಿ ಒಂದು ಗೆರಟೆ (ತೆಂಗಿನ ಚಿಪ್ಪು) ಸಕ್ಕರೆ ಪಾಕ ಇಟ್ಟಿದ್ದರೆ ಅವುಗಳಲ್ಲಿ ಎರಡಾದರೂ ಉಳಿಯುತ್ತಿದ್ದವು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಸೋಲಿನ ಭಯ ನಮ್ಮನ್ನು ಕೆಲಸ ಆರಂಭಿಸದಂತೆ ತಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆರಂಭಿಸಿದ ಮೇಲೆ ಅದು ನಮ್ಮನ್ನು ನೋಡದಂತೆ ತಡೆಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಸೋಲು ಕಾಣಿಸೀತು ಎಂದು ನಾವು ಕಣ್ಣು ತಪ್ಪಿಸುತ್ತೇವೆ, ಕಣ್ಣು ತಪ್ಪಿಸಿದ ಕಡೆಯೇ ಸೋಲು ಬೆಳೆಯುತ್ತದೆ.

ಆದ್ದರಿಂದ ಹೊಸ ಕುಟುಂಬದ ಯೋಚನೆಗೆ ಮೊದಲು ಹಳೆಯ ನಾಲ್ಕು ಪೆಟ್ಟಿಗೆಗಳ ಪಂಚನಾಮೆ ಮಾಡಿ. ಯಾವ ಕಾರಣಕ್ಕೆ ಹೋಯಿತು ಎಂಬುದು ಪೆಟ್ಟಿಗೆಯಲ್ಲಿ ಬಹುತೇಕ ಬರೆದಿಟ್ಟಂತೆ ಇರುತ್ತದೆ. ಎರಿಗಳು ಸ್ವಚ್ಛವಾಗಿದ್ದು, ಮರಿಯೂ ಇಲ್ಲದೆ ಒಂದು ತೊಟ್ಟು ಜೇನೂ ಇಲ್ಲದೆ ಬರಿದಾಗಿದ್ದರೆ, ಕುಟುಂಬ ಹಸಿವಿನಿಂದ ಪೆಟ್ಟಿಗೆ ಬಿಟ್ಟು ಹೋಗಿದೆ. ತುಡುವೆಯ ಸ್ವಭಾವವೇ ಅದು: ಆಹಾರ ಮುಗಿಯುತ್ತಾ ಬಂದಾಗ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಇದ್ದುದನ್ನು ತಿಂದು ಮುಗಿಸಿ ಎಲ್ಲವೂ ಒಟ್ಟಿಗೆ ಹೊರಟು ಹೋಗುತ್ತವೆ. ಬಲೆ, ಹಿಕ್ಕೆ ಇದ್ದರೆ ಮೇಣದ ಹುಳು ಬಂದಿದೆ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಬಲವಾದ ಕುಟುಂಬ ಸಾಮಾನ್ಯವಾಗಿ ಅದನ್ನು ಒಳಗೆ ಬೆಳೆಯಲು ಬಿಡುವುದಿಲ್ಲ, ಹಾಗಾಗಿ ಕುಟುಂಬ ಮೊದಲೇ ಏಕೆ ಸೊರಗಿತ್ತು ಎಂದು ಕೇಳಿಕೊಳ್ಳಬೇಕು. ಕೋಶಗಳಲ್ಲಿ ಗಂಡು ಮರಿಗಳ ಉಬ್ಬಿದ ಮುಚ್ಚಳಗಳೇ ಚದುರಿಕೊಂಡಿದ್ದು, ಕೆಲಸಗಾರ ನೊಣಗಳ ಮರಿ ಇಲ್ಲದಿದ್ದರೆ ರಾಣಿ ಸತ್ತು ಬಹಳ ದಿನವಾಗಿತ್ತು ಎಂದರ್ಥ. ಎರಿಯ ಅಂಚು ಹರಿದು ತಳದಲ್ಲಿ ಮೇಣದ ಪುಡಿ ಬಿದ್ದಿದ್ದರೆ ಬೇರೆ ಕುಟುಂಬದ ನೊಣಗಳು ಕೊಳ್ಳೆ ಹೊಡೆದಿವೆ. ಮರಿಗಳು ಕೋಶದಲ್ಲಿ ಉದ್ದಕ್ಕೆ ಮಲಗಿ, ತಲೆ ಮಾತ್ರ ದೋಣಿಯ ಮೂತಿಯಂತೆ ಮೇಲೆದ್ದು, ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ರೋಗ.

ಆ ರೋಗದ ಹೆಸರು ಬಂದಾಗ ಒಂದು ಮಾತು ಹೇಳಲೇಬೇಕು. 1991–92ರ ಸುಮಾರಿಗೆ ಅದು ದಕ್ಷಿಣ ಭಾರತಕ್ಕೆ ಹಬ್ಬಿದಾಗ ಕೇರಳ ಮತ್ತು ಕರ್ನಾಟಕದಲ್ಲಿ ಸಾಕಿದ ತುಡುವೆ ಕುಟುಂಬಗಳ ಬಹುಪಾಲು ನಾಶವಾಯಿತು. ವೈರಸ್ ರೋಗವಾದ ಕಾರಣ ಅದಕ್ಕೆ ಔಷಧವೇ ಇರಲಿಲ್ಲ, ಇಂದಿಗೂ ಇಲ್ಲ. ನಮ್ಮ ಕಡೆಯ ಹಳೆಯ ಜೇನು ಕೃಷಿಕರು ಸಾಲು ಸಾಲು ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದ್ದನ್ನು ಹಿರಿಯರ ಬಾಯಿಯಿಂದ ಕೇಳಿದ್ದೇನೆ. ಪುನಃ ಆರಂಭಿಸಿದವರು ರೋಗ ಬಂದೂ ಸಾಯದೆ ಉಳಿದ ಕುಟುಂಬಗಳನ್ನು ಗುರುತಿಸಿ, ಅವುಗಳನ್ನೇ ಪಾಲು ಮಾಡಿ ಹೊಸ ಕುಟುಂಬಗಳನ್ನು ಬೆಳೆಸಿಕೊಂಡರು. ನೀವು ಈಗ ದುಡ್ಡು ಕೊಟ್ಟು ತರುವ ಕುಟುಂಬಗಳು ಹೆಚ್ಚಿನಂಶ ಹಾಗೆ ಉಳಿದವುಗಳ ಸಂತತಿ.

ಹಸಿವಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ವಿವರಣೆ ಓದಿದಾಗ ನನಗೆ ಅದೇ ಕಾರಣ ಎನಿಸಿತು. ರಬ್ಬರ್ ಮರ ಎಲೆ ಉದುರಿಸಿ ಚಿಗುರುವಾಗ ಎಲೆತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಮಕರಂದ ಒಸರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅದು, ಅದರ ಹಿಂದೆಯೇ ನೇರಳೆ, ಕುಂಟಾಲದಂಥ ಕಾಡು ಹೂಗಳು. ಜೂನ್ ಬಂತೆಂದರೆ ಎಲ್ಲವೂ ನಿಂತು ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4,000 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಹೂವಿದ್ದರೂ ಮಕರಂದ ತೊಳೆದು ಹೋಗಿರುತ್ತದೆ, ನೊಣ ಹೊರಗೆ ಹಾರುವಂತೆಯೂ ಇಲ್ಲ. ಆಟಿ ತಿಂಗಳು ಮನುಷ್ಯರಿಗೇ ಕಷ್ಟದ ತಿಂಗಳೆಂದು ನಮ್ಮ ಹಿರಿಯರು ಹಲಸಿನ ಬೀಜ, ಅದನ್ನು ಬೇಯಿಸಿ ಒಣಗಿಸಿದ ಸಾಂತಾಣಿ ಎಂದು ಬೇಸಿಗೆಯಲ್ಲೇ ಕೂಡಿಡುತ್ತಿದ್ದರು. ಜೇನೂ ಹಾಗೆಯೇ ಕೂಡಿಡುತ್ತದೆ, ನಾವು ಅದನ್ನು ಹಿಂಡಿಕೊಂಡು ಬಂದು ಬಾಟಲಿಗೆ ತುಂಬಿಸುತ್ತೇವೆ.

ನಾನು ಪಾಲಿಸುವ ಕ್ರಮ ಹೀಗಿದೆ. ಮೇ ಕೊನೆಯ ವಾರ ಬರುವ ಪತ್ತನಾಜೆಯೊಳಗೆ ಜೇನು ತೆಗೆಯುವ ಕೆಲಸ ಮುಗಿಸಿ ಮೇಲಿನ ಜೇನು ಕೋಣೆಯನ್ನು ಇಳಿಸುತ್ತೇನೆ, ಮರಿಗಳಿರುವ ಕೆಳಗಿನ ಸಂಸಾರ ಕೋಣೆಯ ಜೇನನ್ನು ಮುಟ್ಟುವುದಿಲ್ಲ. ಜೂನ್ ಎರಡನೆಯ ವಾರದಿಂದ, ವಾರಕ್ಕೊಮ್ಮೆ, ಪೆಟ್ಟಿಗೆಯೊಂದಕ್ಕೆ ಸುಮಾರು 200 ಗ್ರಾಂ ಸಕ್ಕರೆಯನ್ನು ಅಷ್ಟೇ ತೂಕದ ನೀರಿನಲ್ಲಿ ಕುದಿಸಿ ಆರಿಸಿ ಕೊಡುತ್ತೇನೆ. ಗೆರಟೆಯಲ್ಲಿ ಪಾಕ ಹಾಕಿ, ನೊಣ ಮುಳುಗದಂತೆ ನಾಲ್ಕು ಕಡ್ಡಿ ತೇಲಿಸಿ, ಸಂಜೆ ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಬೇಕು. ಹಗಲು ಇಟ್ಟರೆ ಅಥವಾ ಹೊರಗೆ ಚೆಲ್ಲಿದರೆ ಇರುವೆಯೂ ಕೊಳ್ಳೆಯೂ ಶುರುವಾಗುತ್ತದೆ. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡುವುದನ್ನು ನೀವು ಮಾಡಿಯೇ ಇರುತ್ತೀರಿ. ಜೇನು ಬರುವ ಕಾಲದಲ್ಲಿ ಮಾತ್ರ ಪಾಕ ಕೊಡಬಾರದು, ಅದು ಜೇನಿನಲ್ಲಿ ಬೆರೆತು ಹೋಗುತ್ತದೆ.

ಇನ್ನು ಭಯಕ್ಕೆ ನೇರವಾಗಿ ಸಂಬಂಧಿಸಿದ ಮಾತು. ಪೆಟ್ಟಿಗೆ ತೆರೆಯುವ ದಿನವನ್ನು ಮನಸ್ಸಿನ ಮರ್ಜಿಗೆ ಬಿಡಬೇಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನನ್ನದು ಭಾನುವಾರ, ಮಳೆಗಾಲದಲ್ಲಾದರೆ ಆ ವಾರ ಬಿಸಿಲು ಕಂಡ ಮೊದಲ ಹೊತ್ತು. ತೆರೆದು ಎರಡು ನಿಮಿಷದಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳುತ್ತೇನೆ: ಮೊಟ್ಟೆ ಇದೆಯೇ, ಆಹಾರ ಎಷ್ಟಿದೆ, ನೊಣ ಎಷ್ಟು ಎರಿ ತುಂಬಿದೆ, ತಳದಲ್ಲಿ ಏನು ಬಿದ್ದಿದೆ. ಆರು ಎರಿ ತುಂಬಿದ್ದ ನೊಣ ಮುಂದಿನ ವಾರ ನಾಲ್ಕಕ್ಕೆ ಇಳಿದದ್ದು ಪುಸ್ತಕದಲ್ಲಿ ಕಂಡಾಗ ಹೆದರಿಕೆಗೆ ಒಂದು ಅಳತೆ ಸಿಗುತ್ತದೆ, ಏನಾದರೂ ಮಾಡಲು ಸಮಯವೂ ಉಳಿದಿರುತ್ತದೆ. ಖಾಲಿ ಪೆಟ್ಟಿಗೆಯ ಮುಂದೆ ನಿಂತಾಗ ಇವೆರಡೂ ಇರುವುದಿಲ್ಲ.

ಎಷ್ಟು ಕುಟುಂಬ ತರಬೇಕು ಎಂಬುದಕ್ಕೆ ನನ್ನ ಉತ್ತರ: ಎರಡು ಕುಟುಂಬ. ನಾಲ್ಕು ಹೆಚ್ಚಾಯಿತು, ಒಂದು ಸಾಲದು. ಎರಡಿದ್ದರೆ ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಬಹುದು, ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ, ಎಳೆಮರಿ ಇರುವ ಚೌಕಟ್ಟನ್ನು ಕೊಟ್ಟು ಹೊಸ ರಾಣಿಯನ್ನು ಮಾಡಿಸಬಹುದು. ಉಳಿದ ಎರಡು ಪೆಟ್ಟಿಗೆಗಳನ್ನು ಕೆರೆದು, ಬೆಂಕಿಯ ಜ್ವಾಲೆ ತೋರಿಸಿ, ಒಳಗೆ ಮೇಣ ಸವರಿ ಮರದ ನೆರಳಿನಲ್ಲಿ ಇಡಿ. ಕುಟುಂಬಗಳು ಒಡೆದು ಪಾಲಾಗುವ ಕಾಲದಲ್ಲಿ ಒಂದು ಪಾಲು ತಾನಾಗಿ ಬಂದು ಕೂತರೆ ಅದು ಪುಕ್ಕಟೆ. ಖರ್ಚಿನ ಮೊತ್ತವನ್ನು ಮನೆಯವರ ಎದುರಿನಲ್ಲೇ ಮೊದಲೇ ಹೇಳಿ: ಇಷ್ಟು ಹಾಕುತ್ತೇನೆ, ಇದು ಪೂರ್ತಿ ಹೋದರೂ ಮಕ್ಕಳ ಫೀಸಿಗೆ, ತೋಟದ ಕೂಲಿಗೆ ತೊಂದರೆ ಇಲ್ಲ ಎಂದು.

ಮೇಲೊಬ್ಬರು ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಉದಾಹರಣೆ ಕೊಟ್ಟಿದ್ದಾರೆ. ಬೋಳು ಗುಡ್ಡದಲ್ಲಿ ಒಂದರ ನಂತರ ಒಂದು ಸುರಂಗ ಕೊರೆದು, ಹಲವು ಬರಡಾದ ಮೇಲೂ ಬಿಡದೆ ಕೊನೆಗೆ ನೀರು ತಂದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ಹಟವನ್ನು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು: ಅವರು ಹಗಲು ಕೂಲಿ ಕೆಲಸ ಬಿಡಲಿಲ್ಲ, ಸುರಂಗಕ್ಕೆ ಹಾಕಿದ್ದು ಉಳಿದ ಹೊತ್ತು ಮತ್ತು ಸ್ವಂತ ರಟ್ಟೆಯ ಬಲ. ಒಂದು ಸುರಂಗ ವ್ಯರ್ಥವಾದರೆ ಶ್ರಮ ಹೋಯಿತು, ಮನೆ ಮುಳುಗಲಿಲ್ಲ. ಆದ್ದರಿಂದ ಮುಂದಿನದನ್ನು ಕೊರೆಯಲು ಅವರು ಉಳಿದರು. ನಮ್ಮ ಯಕ್ಷಗಾನ ಮೇಳಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ವೇಷ ಕಟ್ಟಿಸದೆ, ಜನ ಇನ್ನೂ ಬಂದು ಸೇರುತ್ತಿರುವ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಕುಣಿಸುತ್ತಿದ್ದುದೂ ಇದೇ ಲೆಕ್ಕದಲ್ಲಿ. ತಾಳ ತಪ್ಪಿದರೂ ಆಟ ಕೆಡುವುದಿಲ್ಲ, ಹುಡುಗನೂ ಮರುದಿನ ಗೆಜ್ಜೆ ಕಟ್ಟುತ್ತಾನೆ.

ನಗುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನನ್ನೂ ಅಂಗಡಿ ಜಗಲಿಯಲ್ಲಿ "ಎಂಥ ಮಾರಾಯ್ರೇ, ನಿಮ್ಮ ಜೇನು ಎಲ್ಲಿಗೆ ಮುಟ್ಟಿತು?" ಎಂದು ಕೇಳುತ್ತಿದ್ದರು. ಮೊದಮೊದಲು ಮಾತು ತಪ್ಪಿಸುತ್ತಿದ್ದೆ, ಆಗ ಪ್ರಶ್ನೆ ವಾರಕ್ಕೆ ಎರಡು ಸಲ ಬರುತ್ತಿತ್ತು. ಒಂದು ದಿನ "ಐದು ಇಟ್ಟಿದ್ದೆ, ನಾಲ್ಕು ಹೋಯಿತು, ಮಳೆಗಾಲದಲ್ಲಿ ಆಹಾರ ಕೊಡದ್ದು ನನ್ನ ತಪ್ಪು" ಎಂದು ಲೆಕ್ಕ ಒಪ್ಪಿಸಿದೆ. ಆ ಮೇಲೆ ಕೇಳುವುದಕ್ಕೆ ಅವರಲ್ಲಿ ಏನೂ ಉಳಿಯಲಿಲ್ಲ. ಕೇಳಿದವರಲ್ಲಿ ಒಬ್ಬರು ಈಗ ತಮ್ಮ ತೋಟದಲ್ಲೂ ಮೂರು ಪೆಟ್ಟಿಗೆ ಇಟ್ಟಿದ್ದಾರೆ, ಅದು ಬೇರೆ ವಿಷಯ.

ಹಾಗೆಂದು ಎಂದಿಗೂ ಬಿಡಬಾರದು ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಜೇನು ಕಡಿದು ಉಸಿರುಗಟ್ಟಿದ ಅನುಭವ ಇದ್ದರೆ ಈ ಕೃಷಿ ಬೇಡವೇ ಬೇಡ. ಅದಿಲ್ಲದಿದ್ದರೂ ನಿಲ್ಲಿಸುವ ಗಡಿಯನ್ನು ಈಗಲೇ ಹಾಕಿಕೊಳ್ಳಿ: ಸರಿಯಾಗಿ ಆಹಾರ ಕೊಟ್ಟು, ಪುಸ್ತಕ ಬರೆದು, ಎರಡು ಮಳೆಗಾಲ ನೋಡಿದ ಮೇಲೂ ಕುಟುಂಬ ನಿಲ್ಲದಿದ್ದರೆ ಆ ಜಾಗ ಜೇನಿಗೆ ಹೇಳಿದ್ದಲ್ಲ ಎಂದು ಪೆಟ್ಟಿಗೆ ಮಾರಿಬಿಡಿ. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿದ್ದರೆ ಹೊರಡುವಾಗ ಕಾಲು ಅಷ್ಟು ನಡುಗುವುದಿಲ್ಲ.

ಸದ್ಯಕ್ಕೆ ಒಂದು ವಿನಂತಿ. ಪೆಟ್ಟಿಗೆಗಳನ್ನು ತೊಳೆದು ಒಣಗಿಸುವ ಯೋಚನೆ ಇದೆ ಎಂದು ಬರೆದಿದ್ದೀರಿ. ತೊಳೆಯುವ ಮೊದಲು ನಾಲ್ಕರ ತಳದ ಹಲಗೆಯದೂ, ಪೆಟ್ಟಿಗೆಗೆ ಒಂದರಂತೆ ನಡುವಿನ ಎರಿಯದೂ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು ಇಲ್ಲಿ ಹಾಕಿ. ಎರಿ ಪುಡಿಯಾಗಿದ್ದರೆ ಪುಡಿಯದ್ದೇ ಆದರೂ ಸಾಕು.